ಮಾಣಿಯ ನೆರಳಿಗೆ ಬಿಲ್ಲು ಕಟ್ಟುವವರು ಯಾರು?

ಮಾಣಿ ಜಂಕ್ಷನ್ನಿನಲ್ಲಿ ಬಸ್ಸು ಬದಲಿಸುವವರಿಗೆ ಊರಿನ ಪರಿಚಯ ಮಾಡಿಕೊಡುವ ಅಗತ್ಯ ಇಲ್ಲ. ಮಂಗಳೂರಿನಿಂದ ಬಂದ ದಾರಿ ಇಲ್ಲಿ ಕವಲೊಡೆಯುತ್ತದೆ. ನೇರ ಹೋದರೆ ಉಪ್ಪಿನಂಗಡಿ, ಶಿರಾಡಿ ಘಾಟಿ, ಬೆಂಗಳೂರು. ಬಲಕ್ಕೆ ತಿರುಗಿದರೆ ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರು. ಮೊದಲನೆಯದಕ್ಕೆ ಸರಕಾರ ಈಗ ರಾಷ್ಟ್ರೀಯ ಹೆದ್ದಾರಿ 75 ಎಂದೂ ಎರಡನೆಯದಕ್ಕೆ 275 ಎಂದೂ ನಂಬರು ಕೊಟ್ಟಿದೆ. ನಂಬರು ಎಷ್ಟು ಬದಲಾದರೂ ಊರವರ ಬಾಯಲ್ಲಿ ಅದು ಮಾಣಿ-ಮೈಸೂರು ರಸ್ತೆಯೇ. ಎರಡು ಹೆದ್ದಾರಿಗಳು ಕೂಡುವ ಊರು ಎಂದರೆ ಕಾಯುವವರ ಊರು. ಕಾಯುವವನಿಗೆ ಬೇಕಾದದ್ದು ಎರಡೇ: ಒಂದು ಬಸ್ಸು, ಇನ್ನೊಂದು ನೆರಳು. ಬಸ್ಸಿನ ವಿಚಾರ ಇನ್ನೊಂದು ದಿನ ನೋಡೋಣ. ಇವತ್ತು ನೆರಳಿನ ಲೆಕ್ಕ.

ಬಿ.ಸಿ.ರೋಡಿನಿಂದ ಅಡ್ಡಹೊಳೆ ತನಕ ಹೆದ್ದಾರಿಯನ್ನು ಚತುಷ್ಪಥ ಮಾಡುವ ಕೆಲಸ ಶುರುವಾಗಿ, ನಿಂತು, ಪುನಃ ಟೆಂಡರಾಗಿ, ಪುನಃ ಶುರುವಾದ ಕತೆ ಈ ದಾರಿಯ ಪ್ರಯಾಣಿಕರಿಗೆಲ್ಲ ಬಾಯಿಪಾಠ. ಧೂಳು ತಿಂದದ್ದೂ ಅವರೇ, ಕೆಸರಿನಲ್ಲಿ ಚಪ್ಪಲಿ ಕಳಕೊಂಡದ್ದೂ ಅವರೇ. 2025ರಲ್ಲಿ ಕಲ್ಲಡ್ಕದ ಮೇಲ್ಸೇತುವೆಯಲ್ಲಿ ವಾಹನ ಓಡತೊಡಗಿದಾಗ ಜನ ಒಂದು ಉಸಿರು ಬಿಟ್ಟರು. ರಸ್ತೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆ ಅಗಲವಾಗುವಾಗ ಬದಿಯ ಮರಗಳು ಹೋದವು. ಅಜ್ಜನ ಕಾಲದ ಗೋಳಿ, ಮಾವು, ಧೂಪ, ಹಲಸು ಗರಗಸದ ಪಾಲಾದವು. ಅವುಗಳನ್ನು ನೆಟ್ಟವರು ಯಾರು, ಮೂರು ನಾಲ್ಕು ಬೇಸಗೆ ನೀರು ಹೊತ್ತು ಹಾಕಿದವರು ಯಾರು, ಆ ಖರ್ಚು ಯಾರ ಕಿಸೆಯಿಂದ ಬಂತು ಎಂದು ಕೇಳಿದವರು ಕಡಿಮೆ.

ಅದಕ್ಕೂ ಒಂದು ಚರಿತ್ರೆ ಉಂಟು. ದಕ್ಷಿಣ ಕನ್ನಡ 1956ರ ತನಕ ಮದ್ರಾಸಿಗೆ ಸೇರಿತ್ತಲ್ಲ. ಆ ಪ್ರಾಂತ್ಯದಲ್ಲಿ 1866ರಲ್ಲೇ ಜಿಲ್ಲಾ ರಸ್ತೆ ಕರದ ಕಾಯ್ದೆ ಬಂತು. ಭೂಮಿಯ ಗೇಣಿ ಮೌಲ್ಯದ ಒಂದು ರೂಪಾಯಿಗೆ ಅರ್ಧ ಆಣೆ. 1871ರಲ್ಲಿ ಸ್ಥಳೀಯ ನಿಧಿಯ ಕಾಯ್ದೆ ಬಂದು ಆ ವ್ಯವಸ್ಥೆಗೆ ಇನ್ನಷ್ಟು ಗಟ್ಟಿ ತಳಪಾಯ ಸಿಕ್ಕಿತು. ಮುಂದೆ ತಾಲೂಕು ಬೋರ್ಡು, ಜಿಲ್ಲಾ ಬೋರ್ಡುಗಳು ರಸ್ತೆಯ ಜತೆಗೆ ಸಾಲುಮರಗಳನ್ನೂ ನೋಡಿಕೊಂಡವು. ಮರದ ಫಲ ಏಲಂ ಆಗುತ್ತಿತ್ತು, ಒಣಗೆಲ್ಲು ಏಲಂ ಆಗುತ್ತಿತ್ತು, ದುಡ್ಡು ಬೋರ್ಡಿನ ಪುಸ್ತಕಕ್ಕೆ ಬರುತ್ತಿತ್ತು. ಬ್ರಿಟಿಷರ ಆಡಳಿತವನ್ನು ಹೊಗಳಬೇಕಾದ ಸಂದರ್ಭ ಇದಲ್ಲ. ಹೇಳುವುದು ಇಷ್ಟೇ: ದಾರಿಬದಿಯ ನೆರಳು ಧರ್ಮಕ್ಕೆ ಬಂದದ್ದಲ್ಲ. ಭೂಮಿ ಇದ್ದವನು ವರ್ಷ ವರ್ಷ ಕಟ್ಟಿದ ಆಣೆಯಲ್ಲಿ ಅದರ ಪಾಲು ಇತ್ತು.

ಗುಂಡಿ ಹಳೆಯದು, ಗಿಡ ಹೊಸದು

ಈಗ ನೋಡಿ. ಪ್ರತಿ ಜೂನಿನಲ್ಲಿ ಗಿಡ ನೆಡುವುದಕ್ಕೆ ನಮ್ಮಲ್ಲಿ ಬರಗಾಲ ಇಲ್ಲ. ವನಮಹೋತ್ಸವ 1950ರಲ್ಲಿ ಶುರುವಾದದ್ದು, ಅಲ್ಲಿಂದ ಇಲ್ಲಿಯ ತನಕ ಒಂದು ಮಳೆಗಾಲವೂ ಬಿಟ್ಟಿಲ್ಲ. ಅರಣ್ಯ ಇಲಾಖೆಯ ನರ್ಸರಿಯಿಂದ ಸಸಿ ಬರುತ್ತದೆ. ಶಾಲೆಯ ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಗಣ್ಯರು ಬರುತ್ತಾರೆ, ಒಬ್ಬರು ಗಿಡ ಹಿಡಿದರೆ ಹತ್ತು ಮಂದಿ ಅದರ ಒಂದೇ ಎಲೆಗೆ ಕೈ ತಾಗಿಸಿ ಫೋಟೋಕ್ಕೆ ನಿಲ್ಲುತ್ತಾರೆ. ಜುಲೈ, ಆಗಸ್ಟ್ ಗಿಡಕ್ಕೆ ಹಬ್ಬ. ದಸರೆಯ ಹೊತ್ತಿಗೆ ಕಮ್ಯುನಿಸ್ಟ್ ಗಿಡವೂ ಮುಳ್ಳುಬಳ್ಳಿಯೂ ಸಸಿಯನ್ನು ಮುಚ್ಚುತ್ತವೆ. ಜನವರಿಗೆ ಮಣ್ಣು ಒಣಗುತ್ತದೆ. ಮಾರ್ಚಿಗೆ ಕಾವಲಿನ ಬಲೆ ಒಂದು ಉಳಿದಿರುತ್ತದೆ, ಒಳಗೆ ಕಡ್ಡಿ. ಮುಂದಿನ ಜೂನಿನಲ್ಲಿ ಅದೇ ಗುಂಡಿಗೆ ಇನ್ನೊಂದು ಗಿಡ. ಗುಂಡಿ ತೋಡುವ ಖರ್ಚು ಮಾತ್ರ ಉಳಿಯಿತು ನೋಡಿ!

ಇದಕ್ಕೆ ಕಾರಣ ಯಾರದ್ದೂ ಕೆಟ್ಟ ಮನಸ್ಸಲ್ಲ. ಕಾರಣ ಇರುವುದು ಲೆಕ್ಕದ ಪುಸ್ತಕದಲ್ಲಿ. ನೆಡುವುದು ಒಂದು ದಿನದ ಕೆಲಸ, ಅದಕ್ಕೆ ಯೋಜನೆ ಉಂಟು, ಅನುದಾನ ಉಂಟು, ಬಿಲ್ಲು ಪಾಸಾಗುತ್ತದೆ. ನೀರೆರೆಯುವುದು ಆರು ತಿಂಗಳ ಕೆಲಸ, ಅದೂ ಮೂರು ವರ್ಷ. ಅದಕ್ಕೆ ಕಲಮು ಇಲ್ಲ. ಹೆದ್ದಾರಿಗಳ ಹಸಿರು ನೀತಿ ಎಂದು ಕೇಂದ್ರ ಸರಕಾರ 2015ರಲ್ಲಿ ಒಂದು ನೀತಿ ತಂದು, ಯೋಜನಾ ವೆಚ್ಚದ ಶೇ. 1ನ್ನು ಗಿಡ ನೆಡುವುದಕ್ಕೂ ಸಾಕುವುದಕ್ಕೂ ಇಡಬೇಕು ಎಂದಿತು. ಒಳ್ಳೆಯದೇ. ಆದರೆ ಅದು ಹೆದ್ದಾರಿಯ ಗಡಿಯೊಳಗಿನ ಮಾತು. ಬಸ್ ನಿಲ್ದಾಣದ ಹಿಂದಿನ ಜಾಗ, ಶಾಲೆಗೆ ಹೋಗುವ ಒಳದಾರಿ, ಸಂತೆಕಟ್ಟೆ, ಪಂಚಾಯತ್ ಕಚೇರಿಯ ಎದುರಿನ ಅಂಗಳ, ಇವುಗಳನ್ನೆಲ್ಲ ಹೆದ್ದಾರಿ ಪ್ರಾಧಿಕಾರ ಬಂದು ನೋಡಿಕೊಳ್ಳುತ್ತದೆ ಎಂದು ಕಾದರೆ ಬಸ್ಸಿಗೆ ಕಾದದ್ದಕ್ಕಿಂತ ಹೆಚ್ಚು ಹೊತ್ತಾದೀತು.

ಹಣಕಾಸು ಆಯೋಗದ ಅನುದಾನವೋ? ಹದಿನೈದನೇ ಆಯೋಗವು 2021ರಿಂದ 2026ರ ಅವಧಿಗೆ ಪಂಚಾಯತ್‌ಗಳಿಗೆ ಕೊಟ್ಟದ್ದರಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ ದುಡ್ಡು. ಉಳಿದ ಶೇ. 40ರಲ್ಲಿ ದಾರಿ, ಮೋರಿ ಮುಂತಾದ ನೂರು ಕೆಲಸ. ಅಲ್ಲಿ ಸಸಿಯ ಸರದಿ ಬರುವುದು ಯಾವಾಗ?

ಕಾನೂನಿನ ಪಟ್ಟಿಯಲ್ಲೂ ಒಂದು ಚಂದದ ಎಡವಟ್ಟು ಉಂಟು. ಸಂವಿಧಾನದ ಹನ್ನೆರಡನೇ ಅನುಸೂಚಿ ನಗರಸಭೆ, ಪುರಸಭೆಗಳದ್ದು. ಅದರಲ್ಲಿ ಹನ್ನೆರಡನೇ ಬಾಬು ಉದ್ಯಾನ, ತೋಟ, ಆಟದ ಬಯಲು ಎಂದು ಸ್ಪಷ್ಟವಾಗಿ ಹೇಳುತ್ತದೆ. ಪಂಚಾಯತ್‌ಗಳಿಗೆ ಇರುವ ಹನ್ನೊಂದನೇ ಅನುಸೂಚಿಯಲ್ಲಿ 29 ಬಾಬುಗಳಿದ್ದರೂ ಉದ್ಯಾನ ಎಂಬ ಶಬ್ದ ಇಲ್ಲ. ಹಳ್ಳಿ ಎಂದರೆ ಹೇಗೂ ಹಸಿರು, ಅಲ್ಲಿಗೆ ಪಾರ್ಕು ಯಾಕೆ ಎಂದು ಬರೆದವರು ಯೋಚಿಸಿರಬೇಕು. ಮಾಣಿಯ ಹಾಗೆ ಕಾಗದದಲ್ಲಿ ಹಳ್ಳಿ, ಕಣ್ಣಿಗೆ ಪೇಟೆ ಆಗಿರುವ ಊರುಗಳು ಅವರ ಲೆಕ್ಕದಲ್ಲಿ ಬರಲಿಲ್ಲ. ಅದೇ ಪಟ್ಟಿಯಲ್ಲಿ ಸಾಮಾಜಿಕ ಅರಣ್ಯ ಉಂಟು, ಕೊನೆಯ ಬಾಬಾಗಿ ಸಮುದಾಯದ ಆಸ್ತಿಗಳ ನಿರ್ವಹಣೆಯೂ ಉಂಟು. ಮನಸ್ಸಿದ್ದರೆ ಹೊಕ್ಕಲು ಬಾಗಿಲು ಸಾಕು.

ಕ್ಯಾಲಿಫೋರ್ನಿಯಾದವರು ಮಾಡಿದ್ದು

ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಅಮೆರಿಕದ ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಅವರು ಅಲ್ಲಿ ಸ್ವಂತ ಮನೆ ಮಾಡಿದ್ದರೆ, ಮುಂದಿನ ಸಲ ಫೋನಿನಲ್ಲಿ ಹವೆಯ ಸಮಾಚಾರ ಆದ ಮೇಲೆ ಒಂದು ಪ್ರಶ್ನೆ ಕೇಳಿ: ಮನೆ ತೆರಿಗೆಯ ಬಿಲ್ಲಿನಲ್ಲಿ ಮುಖ್ಯ ತೆರಿಗೆಯ ಕೆಳಗೆ ಸಣ್ಣ ಸಣ್ಣ ಸಾಲುಗಳಿವೆಯಲ್ಲ, ಅವು ಎಂತದ್ದು? ಸೊಳ್ಳೆ ನಿಯಂತ್ರಣಕ್ಕೆ ಇಷ್ಟು, ಗ್ರಂಥಾಲಯಕ್ಕೆ ಇಷ್ಟು ಎಂದೆಲ್ಲ ಇರುವುದುಂಟು. ಹಲವು ಬಡಾವಣೆಗಳಲ್ಲಿ ಆ ಸಾಲುಗಳ ಪೈಕಿ ಒಂದು ದಾರಿಬದಿಯ ಹಸಿರಿಗೂ ಬೀದಿದೀಪಕ್ಕೂ. ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆಂದೇ 1972ರಲ್ಲಿ ಕಾಯ್ದೆ ಮಾಡಿತು. ಒಂದು ಬಡಾವಣೆಗೆ ಗೆರೆ ಹಾಕುವುದು, ಆ ಗೆರೆಯೊಳಗಿನ ಗಿಡ, ಹುಲ್ಲು, ದೀಪಗಳ ವರ್ಷದ ಖರ್ಚನ್ನು ಇಂಜಿನಿಯರ್ ಬರೆದು ಕೊಡುವುದು, ಅದನ್ನು ಗೆರೆಯೊಳಗಿನ ಆಸ್ತಿಗಳ ಮೇಲೆ ಹಂಚಿ ಮನೆ ತೆರಿಗೆಯ ಜತೆಗೇ ವಸೂಲು ಮಾಡುವುದು. ವರ್ಷ ವರ್ಷ ಹೊಸ ವರದಿ. ಖರ್ಚು ಇಳಿದರೆ ಪಟ್ಟಿಯೂ ಇಳಿಯಬಹುದು.

ಕೇಳಲಿಕ್ಕೆ ಚಂದ. ಆದರೆ ಅಲ್ಲಿಯ ಜನಕ್ಕೂ ಕಾಲಕ್ರಮದಲ್ಲಿ ಸಿಟ್ಟು ಬಂತು. ಹೇಳದೆ ಕೇಳದೆ ಸಾಲಿನ ಮೇಲೆ ಸಾಲು ಸೇರಿಸುತ್ತಾರೆ ಎಂದು ಬೊಬ್ಬೆ ಎದ್ದು, 1996ರಲ್ಲಿ ರಾಜ್ಯದ ಮತದಾರರೇ ಮತ ಹಾಕಿ ಸಂವಿಧಾನಕ್ಕೆ ತಿದ್ದುಪಡಿ ತಂದರು. ಅದರ ಹೆಸರು 218ನೇ ಪ್ರಸ್ತಾವ. ಅಂದಿನಿಂದ ಹೊಸ ಪಟ್ಟಿ ಹಾಕಬೇಕಾದರೆ ಪ್ರತಿಯೊಬ್ಬ ಆಸ್ತಿದಾರನಿಗೆ ಅಂಚೆಯಲ್ಲಿ ನೋಟೀಸು, ಅದರ ಜತೆ ಮತಪತ್ರ, 45 ದಿನ ಕಾದು ಬಹಿರಂಗ ಸಭೆ. ಬಂದ ಮತಗಳಲ್ಲಿ ಬೇಡ ಎಂದದ್ದು ಹೆಚ್ಚಾದರೆ ಪಟ್ಟಿ ಬಿತ್ತು. ಮತದ ತೂಕ ಮಾತ್ರ ಕಟ್ಟುವ ದುಡ್ಡಿನ ಪ್ರಕಾರ. ಹೆಚ್ಚು ಕಟ್ಟುವವನ ಮತ ಹೆಚ್ಚು ಭಾರ. ಇದು ನಮಗೆ ಹಿಡಿಸದ ಮಾತು. ನಮ್ಮಲ್ಲಿ ಅದೇ ಕ್ರಮ ತಂದರೆ ಜಂಕ್ಷನ್ನಿನ ನಾಲ್ಕು ಕಟ್ಟಡದ ಯಜಮಾನರು ಊರಿನ ಮರಗಳ ಯಜಮಾನರೂ ಆಗಿಬಿಟ್ಟಾರು.

ಆ ತಿದ್ದುಪಡಿಯಲ್ಲಿ ಇನ್ನೊಂದು ಷರತ್ತು ಉಂಟು, ಅದು ಮಾತ್ರ ಬಂಗಾರದಂಥದು. ಊರಿಗೆಲ್ಲ ಸಿಗುವ ಪ್ರಯೋಜನವನ್ನು ಕೆಲವರ ಆಸ್ತಿಯ ತಲೆಗೆ ಕಟ್ಟಬಾರದು. ಆ ಆಸ್ತಿಗೇ ಎಂದು ಸಿಗುವ ವಿಶೇಷ ಪ್ರಯೋಜನಕ್ಕೆ ಮಾತ್ರ ದುಡ್ಡು ಕೇಳಬಹುದು. ಸ್ಯಾನ್ ಹೋಸೆ ನಗರ ಇರುವ ಸಾಂತಾ ಕ್ಲಾರಾ ಕೌಂಟಿಯಲ್ಲಿ ತೆರೆದ ಬಯಲುಗಳ ರಕ್ಷಣೆಗೆ ಒಂದು ಪ್ರಾಧಿಕಾರ ಇದೆ. ಅದು 2001ರಲ್ಲಿ ಒಂದೊಂದು ಮನೆಗೆ ವರ್ಷಕ್ಕೆ 20 ಡಾಲರ್ ಪಟ್ಟಿ ಹಾಕಿತು. ತೆರಿಗೆದಾರರ ಸಂಘ ಕೋರ್ಟಿಗೆ ಹೋಯಿತು. 2008ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಪಟ್ಟಿಯನ್ನು ರದ್ದು ಮಾಡಿತು. ಗುಡ್ಡ ಬಯಲುಗಳ ಪ್ರಯೋಜನ ಎಲ್ಲರಿಗೂ ಉಂಟು, ಒಂದೊಂದು ಮನೆಗೆ ವಿಶೇಷವಾಗಿ ಎಂತ ಸಿಕ್ಕಿತು ಎಂದು ತೋರಿಸಿಲ್ಲವಲ್ಲ ಎಂದಿತು. ವಸೂಲು ಮಾಡಿದ ದುಡ್ಡನ್ನು ಜನರಿಗೆ ವಾಪಾಸು ಕೊಡಬೇಕಾಗಿ ಬಂತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಪ್ರಾಧಿಕಾರ 2014ರಲ್ಲಿ ನೇರವಾಗಿ ಮತದಾರರ ಮುಂದೆ ಹೋಗಿ ಒಂದೊಂದು ನಿವೇಶನಕ್ಕೆ ವರ್ಷಕ್ಕೆ 24 ಡಾಲರ್, 15 ವರ್ಷ ಕೊಡಿ ಎಂದು ಕೇಳಿತು. ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಸಿಕ್ಕಿತು. 2020ರಲ್ಲಿ ಪುನಃ ಕೇಳಿತು, ಪುನಃ ಸಿಕ್ಕಿತು. ಸರಿಯಾದ ಕ್ರಮದಲ್ಲಿ ಕೇಳದೆ ತೆಗೆದ 20ನ್ನು ಕಕ್ಕಿಸಿದ ಕೌಂಟಿಯಲ್ಲಿ, ನೇರ ಕೇಳಿದಾಗ 24 ಸಿಕ್ಕಿದೆ.

ಉಡುಪಿಯ ಮಠ ಕೊಟ್ಟ ಪಾಠ

ಅಮೆರಿಕದ ಮಾತು ನಮಗೆ ಯಾಕೆ ಎನ್ನುವವರಿಗೆ ಹತ್ತಿರದ ಉದಾಹರಣೆಯೂ ಉಂಟು. ತೆರಿಗೆ ಎಂದರೆ ಯಾವುದು, ಶುಲ್ಕ ಎಂದರೆ ಯಾವುದು ಎಂದು ಭಾರತದ ಸುಪ್ರೀಂ ಕೋರ್ಟು ಮೊದಲು ಗೆರೆ ಎಳೆದು ಹೇಳಿದ್ದು ಆಗಿನ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದ ಉಡುಪಿಯ ಶಿರೂರು ಮಠದ ವ್ಯಾಜ್ಯದಲ್ಲಿ, 1954ರಲ್ಲಿ. ಮದ್ರಾಸ್ ಸರಕಾರ 1951ರ ಕಾಯ್ದೆಯಡಿ ಮಠ ದೇವಸ್ಥಾನಗಳಿಂದ ವರಮಾನದ ಒಂದು ಪಾಲು ಕೇಳಿತು. ನಿಮ್ಮ ಮೇಲ್ವಿಚಾರಣೆ ಮಾಡುತ್ತೇವಲ್ಲ, ಅದರ ಶುಲ್ಕ ಎಂದಿತು. ಕೋರ್ಟು ಕೇಳಿದ್ದು ಸರಳವಾದ ಪ್ರಶ್ನೆ: ಈ ದುಡ್ಡು ಹೋಗಿ ಬೀಳುವುದು ಎಲ್ಲಿಗೆ? ಸರಕಾರದ ಸಂಚಿತ ನಿಧಿಗೆ. ಅಲ್ಲಿಂದ ಇದೇ ಕೆಲಸಕ್ಕೆ ಬರುತ್ತದೆ ಎಂದು ಹೇಳುವ ಪ್ರತ್ಯೇಕ ಲೆಕ್ಕ ಉಂಟೋ? ಇಲ್ಲ. ಹಾಗಾದರೆ ಅದು ಶುಲ್ಕವಲ್ಲ, ತೆರಿಗೆ, ಅದನ್ನು ಹಾಕುವ ಅಧಿಕಾರ ನಿಮಗಿಲ್ಲ ಎಂದು ಹೊಡೆದು ಹಾಕಿತು. 1983ರ ತೀರ್ಪೂ ಸೇರಿದಂತೆ ಮುಂದಿನ ತೀರ್ಪುಗಳಲ್ಲಿ ಆ ಗೆರೆ ಸ್ವಲ್ಪ ಸಡಿಲವಾಯಿತು. ಪೈಸೆಗೆ ಪೈಸೆ ಸೇವೆ ತೋರಿಸಬೇಕಾಗಿಲ್ಲ, ಸಾಮಾನ್ಯ ಸಂಬಂಧ ಇದ್ದರೆ ಸಾಕು ಎಂದಾಯಿತು. ಆದರೆ ಅಂಗಡಿಯವನ ಕಣ್ಣಿನಲ್ಲಿ ಮೂಲ ಪ್ರಶ್ನೆ ಇವತ್ತಿಗೂ ಅದೇ. ಈ ದುಡ್ಡು ಹೋಗಿ ಬೀಳುವುದು ಎಲ್ಲಿಗೆ?

ಅಂಗಡಿಯವರಿಗೆ ಅನುಮಾನ ಬರಲು ಕಾರಣ ಇಲ್ಲದಿಲ್ಲ. ಮನೆ ತೆರಿಗೆಯ ಬೆನ್ನಿಗೆ ಈಗಾಗಲೇ ಒಂದು ಪಟಾಲಮ್ಮು ಉಂಟು: ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಗ್ರಂಥಾಲಯ ಕರ 1965ರ ಕಾಯ್ದೆಯದ್ದು, ಭಿಕ್ಷುಕರ ಕರ 1975ರದ್ದು. ಒಂದೊಂದೂ ಒಳ್ಳೆಯ ಉದ್ದೇಶಕ್ಕೇ ಹುಟ್ಟಿದವು. ಆದರೆ ಬೆಂಗಳೂರಿನ ಆಗಿನ ಮಹಾನಗರ ಪಾಲಿಕೆ ಜನರಿಂದ ಗ್ರಂಥಾಲಯ ಕರ ವಸೂಲು ಮಾಡಿ, ಗ್ರಂಥಾಲಯ ಇಲಾಖೆಗೆ ನೂರಾರು ಕೋಟಿ ರೂಪಾಯಿ ಬಾಕಿ ಉಳಿಸಿಕೊಂಡ ಸುದ್ದಿ ವರ್ಷಾನುಗಟ್ಟಲೆ ಪತ್ರಿಕೆಗಳಲ್ಲಿ ಬಂತು. ಅದೇ ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಕಸದ ಶುಲ್ಕವೂ ಆಸ್ತಿ ತೆರಿಗೆಯ ಬಿಲ್ಲಿಗೆ ಹತ್ತಿತು. 600 ಚದರಡಿಯ ತನಕದ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರಡಿ ಮೀರಿದರೆ 400. ಹಾಗಿರುವಾಗ ಮಾಣಿಯಲ್ಲಿ ಯಾರಾದರೂ ಎದ್ದು ನಿಂತು 'ಹಸಿರಿಗೂ ಒಂದು ಕರ' ಎಂದರೆ, ಎದುರಿನ ಸಾಲಿನಿಂದ ಬರುವ ಮೊದಲ ಮಾತು ಏನೆಂದು ಬರೆಯಬೇಕಾಗಿಲ್ಲ. ಪತ್ರಿಕೆಯಲ್ಲಿ ಅಚ್ಚು ಹಾಕುವ ಹಾಗೂ ಇಲ್ಲ.

ಆದರೆ ವಂತಿಗೆ ಕೊಡುತ್ತಾರಲ್ಲ!

ವಿಚಿತ್ರ ಎಂದರೆ ಇದೇ ಜನ, ಇದೇ ಅಂಗಡಿಯವರು, ಕೇಳಿದರೆ ಕೊಡುತ್ತಾರೆ. ಕೇಳುವ ಕ್ರಮ ಬೇರೆ, ಅಷ್ಟೇ. ತುಳುನಾಡಿನಲ್ಲಿ ವಂತಿಗೆ ಎಂಬ ಶಬ್ದ ಗೊತ್ತಿಲ್ಲದ ಮನೆ ಉಂಟೋ? ಊರ ದೈವಸ್ಥಾನದ ನೇಮಕ್ಕೆ, ದೇವಸ್ಥಾನದ ಜಾತ್ರೆಗೆ, ಮಸೀದಿಯ ಉರೂಸಿಗೆ, ಇಗರ್ಜಿಯ ಹಬ್ಬಕ್ಕೆ ಮನೆಗೆ ಇಷ್ಟು ಎಂದು ಪಟ್ಟಿ ಹಾಕುತ್ತಾರೆ. ಕೃಷಿ ದೊಡ್ಡದಿದ್ದರೆ ಹೆಚ್ಚು, ಕೂಲಿಯವನಾದರೆ ಕಡಿಮೆ, ಬಾಡಿಗೆ ಅಂಗಡಿಯಾದರೆ ಇನ್ನೊಂದು ದರ. ವರ್ಷಕ್ಕೊಮ್ಮೆ. ಆಸ್ತಿ ನೋಡಿ ಪಟ್ಟಿ ಹಾಕಿ ವರ್ಷ ವರ್ಷ ವಸೂಲು ಮಾಡುವ ಪದ್ಧತಿಯನ್ನು ಕ್ಯಾಲಿಫೋರ್ನಿಯಾದಿಂದ ಕಲಿಯಬೇಕಾದ ಗ್ರಹಚಾರ ನಮಗಿಲ್ಲ.

ವಂತಿಗೆ ಯಾಕೆ ವಸೂಲಾಗುತ್ತದೆ? ಭಕ್ತಿ ಒಂದು ಕಾರಣ, ಒಪ್ಪೋಣ. ಆದರೆ ಭಕ್ತಿ ಇದ್ದವನೂ ಲೆಕ್ಕ ಕೇಳುತ್ತಾನೆ. ರಶೀದಿ ಕೊಡುತ್ತಾರೆ. ನೇಮ ಮುಗಿದ ಮೇಲೆ ಸಭೆ ಸೇರಿ ಬಂದದ್ದು ಎಷ್ಟು, ಹೋದದ್ದು ಎಷ್ಟು, ಶಾಮಿಯಾನದವನಿಗೆ ಬಾಕಿ ಎಷ್ಟು ಎಂದು ಓದುತ್ತಾರೆ. ಓದದಿದ್ದರೆ ಮುಂದಿನ ವರ್ಷ ವಂತಿಗೆ ಎತ್ತುವವನು ಅಂಗಳಕ್ಕೆ ಬಂದಾಗ ಮನೆಯ ಯಜಮಾನ ಹಟ್ಟಿಯ ಕಡೆ ಹೋಗಿರುತ್ತಾನೆ! ಮುಖ್ಯ ವಿಷಯ ಇನ್ನೊಂದು. ಕೊಟ್ಟ ದುಡ್ಡು ಕಣ್ಣೆದುರು ಕಾಣುತ್ತದೆ. ಚಪ್ಪರ ಕಾಣುತ್ತದೆ, ದೀಪ ಕಾಣುತ್ತದೆ, ಊಟದ ಎಲೆಯಲ್ಲಿ ಪಾಯಸ ಕಾಣುತ್ತದೆ.

ಊರಿನ ನಾಗಬನಗಳನ್ನು ನೋಡಿ. ಸುತ್ತಮುತ್ತ ಎಲ್ಲ ಬೋಳಾದರೂ ಬನದ ಮರ ನಿಂತಿದೆ. ಅಲ್ಲಿ ಭಯವೂ ಉಂಟು, ಭಕ್ತಿಯೂ ಉಂಟು. ಅದರ ಜತೆಗೆ ಯಾರ ಜವಾಬ್ದಾರಿ ಎಂಬುದು ತಲೆಮಾರುಗಳಿಂದ ನಿಶ್ಚಯವಾಗಿರುವುದೂ ಉಂಟು. ಬಸ್ ನಿಲ್ದಾಣದ ಮರಕ್ಕೆ ಇಂಥ ಯಜಮಾನ ಇಲ್ಲ. ಎಲ್ಲರದ್ದು ಎಂದರೆ ಯಾರದ್ದೂ ಅಲ್ಲ ಎಂದೇ ಲೆಕ್ಕ.

ಶ್ರಮದಾನದಿಂದ ಆಗುವುದಿಲ್ಲವೋ ಎಂದು ಕೆಲವರು ಕೇಳಬಹುದು. ಆಗುತ್ತದೆ, ಸ್ವಲ್ಪ ಕಾಲ. ಮಂಗಳೂರಿನ ರಾಮಕೃಷ್ಣ ಮಿಷನ್ 2015ರಿಂದ ಕೆಲವು ವರ್ಷ ಆದಿತ್ಯವಾರ ಆದಿತ್ಯವಾರ ಶ್ರಮದಾನ ನಡೆಸಿ ನಗರದ ಎಷ್ಟೋ ಕೊಳಕು ಮೂಲೆಗಳಿಗೆ ಮುಖ ಕೊಟ್ಟಿತು. ಅಂಥ ಶಿಸ್ತು ಇರುವ ಸಂಸ್ಥೆ ಊರೂರಿಗೆ ಸಿಗುವುದಿಲ್ಲ. ಯುವಕ ಮಂಡಲದ ಹುಡುಗರು ಅಕ್ಟೋಬರಿನಲ್ಲಿ ಒಂದು ದಿನ ಕತ್ತಿ ಹಿಡಿದು ಬಂದು ಪೊದೆ ಸವರಿಯಾರು. ಮಾರ್ಚಿನ ಬಿಸಿಲಿನಲ್ಲಿ ವಾರಕ್ಕೆ ಎರಡು ಸಲ ನೀರು ಹೊರುವುದಕ್ಕೆ ಸಂಬಳದ ಆಳೇ ಬೇಕು.

ಒಂದು ಅಂದಾಜು

ಖರ್ಚು ಎಷ್ಟಾದೀತು? ಲೆಕ್ಕಕ್ಕೆಂದು 100 ಸಸಿ ಹಿಡಿಯೋಣ. ಒಂದಕ್ಕೆ 20 ಲೀಟರ್ ಎಂದರೆ ಒಂದು ಸಲಕ್ಕೆ 2,000 ಲೀಟರ್, ಅಂದರೆ ಒಂದು ಸಣ್ಣ ಟ್ಯಾಂಕರ್. ಡಿಸೆಂಬರ್ ಮಧ್ಯದಿಂದ ಮೇ ಕೊನೆಯ ತನಕ 24 ವಾರ, ವಾರಕ್ಕೆ ಎರಡು ಸಲ, ಒಟ್ಟು 48 ಸಲ. ಟ್ಯಾಂಕರೂ ಆಳೂ ಸೇರಿ ಸಲಕ್ಕೆ 1,000 ರೂಪಾಯಿ ಇಟ್ಟರೆ 48,000. ವರ್ಷಕ್ಕೆ ಎರಡು ಸಲ ಪೊದೆ ಸವರಿ ಬುಡ ಬಿಡಿಸಲು 20 ಆಳು, ಆಳಿಗೆ 800ರಂತೆ 16,000. ಗೊಬ್ಬರ, ಮುರಿದ ಬಲೆಯ ರಿಪೇರಿ, ಸತ್ತ ಗಿಡಕ್ಕೆ ಬದಲಿ ಗಿಡ ಎಂದು ಇನ್ನೊಂದು 16,000. ಒಟ್ಟು 80,000. ಇದನ್ನು 400 ಆಸ್ತಿಗಳ ಮೇಲೆ ಹಂಚಿದರೆ ವರ್ಷಕ್ಕೆ 200 ರೂಪಾಯಿ. ತಿಂಗಳಿಗೆ 16 ರೂಪಾಯಿ ಚಿಲ್ಲರೆ. ಕಲ್ಲಡ್ಕಕ್ಕೆ ಹೋಗಿ ಒಂದು ಕೆ.ಟಿ. ಕುಡಿದು ಬರುವ ಖರ್ಚಿನೊಳಗೆ ಆಯಿತು. ದರ ನಿಮ್ಮ ಊರಿಗೆ ತಕ್ಕ ಹಾಗೆ ಹೆಚ್ಚು ಕಡಿಮೆ ಮಾಡಿಕೊಳ್ಳಿ, ಗುಣಾಕಾರದ ಕ್ರಮ ಇದೇ.

ಅಡಿಕೆ ತೋಟದವರು ಇಲ್ಲಿ ಒಂದು ಮಾತು ಸೇರಿಸುತ್ತಾರೆ. ಬುಡಕ್ಕೆ ತರಗೆಲೆಯನ್ನೋ ಅಡಿಕೆ ಸಿಪ್ಪೆಯನ್ನೋ ದಪ್ಪಕ್ಕೆ ಹಾಸಿದರೆ ನೀರು ಅರ್ಧ ಸಾಕು. ಅದು ಮುಖ್ಯ, ಯಾಕೆಂದರೆ ಏಪ್ರಿಲ್‌ನಲ್ಲಿ ಮನೆಯ ನಳ್ಳಿಗೇ ನೀರು ಇಲ್ಲದಾಗ ಗಿಡಕ್ಕೆ ಟ್ಯಾಂಕರ್ ಕಳಿಸಿದರೆ ಕೊಡಪಾನ ಹಿಡಿದ ಹೆಂಗಸರು ಸುಮ್ಮನೆ ಬಿಟ್ಟಾರೋ? ಬಿಡಬಾರದು ಕೂಡ. ಇನ್ನೊಂದು, ನಮ್ಮ ಮಣ್ಣಿನ ಜಾತಿಯ ಮರವಾದರೆ ಮೂರು ಬೇಸಗೆ ದಾಟಿದ ಮೇಲೆ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ಆದ್ದರಿಂದ ನಾಲ್ಕನೇ ವರ್ಷ 200 ರೂಪಾಯಿ ಹಾಗೇ ಉಳಿಯಬಾರದು, ಇಳಿಯಬೇಕು. ಬಂದ ಕರ ಯಾವತ್ತೂ ವಾಪಾಸು ಹೋಗುವುದಿಲ್ಲ ಎಂಬ ಅನುಭವ ಇರುವವರಿಗೆ ಈ ಒಂದು ಷರತ್ತೇ ಅರ್ಧ ಧೈರ್ಯ ಕೊಟ್ಟೀತು.

ಅಂಗಡಿಯವರ ತಕರಾರುಗಳನ್ನೂ ತಳ್ಳಿ ಹಾಕುವ ಹಾಗಿಲ್ಲ. ಮರ ಬೆಳೆದರೆ ಬೋರ್ಡು ಮುಚ್ಚುತ್ತದೆ. ಎಲೆ ಬಿದ್ದು ಚರಂಡಿ ಕಟ್ಟುತ್ತದೆ, ಮೊದಲ ಮಳೆಗೆ ನೀರು ಅಂಗಡಿಯೊಳಗೆ. ಗೆಲ್ಲು ವಿದ್ಯುತ್ ತಂತಿಗೆ ತಾಗಿದರೆ ಕರೆಂಟು ಹೋಗುತ್ತದೆ, ಗಾಳಿಮಳೆಗೆ ಬಿದ್ದರೆ ಕೆಳಗೆ ನಿಲ್ಲಿಸಿದ ಸ್ಕೂಟರು ಹೋಗುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ಗೆಲ್ಲು ಸವರುವುದು, ಚರಂಡಿಯ ಎಲೆ ತೆಗೆಯುವುದು, ಇವೂ ಅದೇ 80,000ದ ಪಟ್ಟಿಯಲ್ಲಿ ಬರಬೇಕು. ಬಾರದಿದ್ದರೆ ಎರಡನೇ ವರ್ಷ ಒಂದು ರಾತ್ರಿ ಮರದ ಬುಡಕ್ಕೆ ಬಿಸಿನೀರೋ ಆಸಿಡ್ಡೋ ಬಿದ್ದೀತು. ಇಂಥದು ಊರೂರಲ್ಲಿ ನಡೆಯುವ ಮಾತು.

ಇನ್ನು ಯಾರು ಎಷ್ಟು ಕೊಡಬೇಕು? ಜಂಕ್ಷನ್ನಿನ ಹೊಟೇಲಿಗೂ ಎರಡು ಮೈಲು ಒಳಗೆ ಗುಡ್ಡೆಯ ಬದಿಯ ಹಂಚಿನ ಮನೆಗೂ ಒಂದೇ ದರ ಹಾಕಿದರೆ ಅನ್ಯಾಯ. ಆ ಮನೆಯವರಿಗೆ ಮರಕ್ಕೆ ಬರಗಾಲವೂ ಇಲ್ಲ. ಗೆರೆ ಹಾಕುವುದಾದರೆ ಪೇಟೆಯ ಸುತ್ತ ಮಾತ್ರ ಹಾಕಬೇಕು. ಕಟ್ಟಡದ ಯಜಮಾನ ಕಟ್ಟಿದ್ದನ್ನು ಬಾಡಿಗೆಯಲ್ಲಿ ಸೇರಿಸಿ ಅಂಗಡಿಯವನಿಂದ ವಸೂಲು ಮಾಡುತ್ತಾನೆ, ಅದು ಎಲ್ಲರಿಗೂ ಗೊತ್ತಿರುವುದೇ. ಹಾಗಾಗಿ ಸಭೆಯಲ್ಲಿ ಬಾಡಿಗೆದಾರನಿಗೂ ಬಾಯಿ ಇರಬೇಕು.

ಮತ್ತೆ ಪ್ರಯಾಣಿಕ? ಸುಳ್ಯದವನೋ ಸುಬ್ರಹ್ಮಣ್ಯಕ್ಕೆ ಹೋಗುವವನೋ ಇಪ್ಪತ್ತು ನಿಮಿಷ ಮರದ ಕೆಳಗೆ ನಿಂತು ಬಸ್ಸು ಹತ್ತುತ್ತಾನೆ. ಅವನ ಪಾಲನ್ನು ಮಾಣಿಯ ಅಂಗಡಿಯವರು ಯಾಕೆ ಕಟ್ಟಬೇಕು? ಸಾಂತಾ ಕ್ಲಾರಾದ ತೀರ್ಪು ಕೇಳಿದ್ದು ಇದನ್ನೇ. ಉತ್ತರ ನಮ್ಮ ಕಾನೂನಿನಲ್ಲೇ ಉಂಟು. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ ಗ್ರಾಮ ಪಂಚಾಯತ್ ಹಾಕಬಹುದಾದ ತೆರಿಗೆ, ಶುಲ್ಕಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ಬಸ್ಸು, ಟ್ಯಾಕ್ಸಿ, ಆಟೋ ನಿಲ್ದಾಣದ ಶುಲ್ಕವೂ ಸೇರಿದೆ. ಪ್ರಯಾಣಿಕರಿಗೆ ಸಾಕಷ್ಟು ಸೌಕರ್ಯ ಮಾಡಿಕೊಟ್ಟಿರಬೇಕು ಎಂಬ ಷರತ್ತಿನ ಮೇಲೆ. ನೆರಳಿಗಿಂತ ದೊಡ್ಡ ಸೌಕರ್ಯ ಯಾವುದು? ನಿಲ್ದಾಣದ ಶುಲ್ಕದಿಂದ ಪ್ರಯಾಣಿಕನ ಪಾಲು ಬರಲಿ, ಪೇಟೆಯ ಆಸ್ತಿಗಳಿಂದ ಪೇಟೆಯ ಪಾಲು ಬರಲಿ.

ಆದರೆ ಅದೇ 199ರ ಪಟ್ಟಿಯಲ್ಲಿ 'ಮರದ ಕರ' ಎಂಬುದು ಇಲ್ಲ. ಕಾನೂನಿನ ಬಲವಿಲ್ಲದೆ ಒಂದು ಪೈಸೆ ತೆರಿಗೆಯನ್ನೂ ವಸೂಲು ಮಾಡಬಾರದು ಎಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. ಪಂಚಾಯತ್ ತಾನಾಗಿ ಹೊಸ ಕರ ಸೃಷ್ಟಿಸಿದರೆ ಯಾರಾದರೂ ಒಬ್ಬ ಕೋರ್ಟಿಗೆ ಹೋದ ದಿನ ಅದು ಬೀಳುತ್ತದೆ. ಹಾಗಾದರೆ ದಾರಿ? ಎರಡುಂಟು. ಮನೆ ತೆರಿಗೆಯನ್ನು ಏರಿಸದೆ, ಪೇಟೆಯಿಂದ ಬಂದ ತೆರಿಗೆಯಲ್ಲಿ ಇಂತಿಷ್ಟು ಪಾಲು ಪೇಟೆಯ ಹಸಿರಿಗೆ ಎಂದು ಆಯವ್ಯಯದಲ್ಲೇ ಬೇರೆ ಶೀರ್ಷಿಕೆ ತೆರೆಯುವುದು ಒಂದು. ಪಂಚಾಯತ್ ನಿರ್ಣಯ ಮಾಡಿದರೆ ಸಾಕು. ಇನ್ನೊಂದು, ಮನೆ ತೆರಿಗೆಯ ಡಿಮಾಂಡ್ ನೋಟೀಸು ಕೊಡುವ ದಿನವೇ ಬೇರೆ ರಶೀದಿ ಪುಸ್ತಕದಲ್ಲಿ ಒಪ್ಪಿದವರಿಂದ ನೆರಳಿನ ವಂತಿಗೆ ಎತ್ತುವುದು. ಒತ್ತಾಯ ಇಲ್ಲ. ಕೊಡದವನ ನಳ್ಳಿ ಕಡಿಯುವ ಬೆದರಿಕೆಯೂ ಇಲ್ಲ. ಕೊಟ್ಟವರ ಹೆಸರು ಮತ್ತು ಖರ್ಚಿನ ಪಟ್ಟಿ ನಿಲ್ದಾಣದ ಗೋಡೆಯ ಮೇಲೆ. ಕೊಡದೆ ನೆರಳಿಗೆ ನಿಲ್ಲುವವರು ಇರುತ್ತಾರೆ, ಇರಲಿ. ನೇಮದ ಊಟಕ್ಕೂ ಅಂಥವರು ಬರುತ್ತಾರೆ.

ಮೊದಲನೆಯ ದಾರಿಯೇ ನಮಗೆ ಹೆಚ್ಚು ಇಷ್ಟ. ವಂತಿಗೆ ಎತ್ತುವ ಉತ್ಸಾಹ ಎರಡು ವರ್ಷಕ್ಕೆ ಆರುತ್ತದೆ, ಆಯವ್ಯಯದ ಶೀರ್ಷಿಕೆ ಒಮ್ಮೆ ಬಿದ್ದರೆ ವರ್ಷ ವರ್ಷ ತಾನಾಗಿ ಎದುರು ಬಂದು ನಿಲ್ಲುತ್ತದೆ. ಜಮಾಬಂದಿಯಲ್ಲಿ ಅದರ ಲೆಕ್ಕ ಓದಬೇಕಾಗುತ್ತದೆ. ಗ್ರಾಮಸಭೆಯಲ್ಲಿ ಯಾರಾದರೂ ಎದ್ದು 'ಕಳೆದ ವರ್ಷ 100 ಗಿಡಕ್ಕೆ ನೀರು ಹಾಕಿದ ಬಿಲ್ಲು ಉಂಟಲ್ಲ, ಗಿಡ ಎಷ್ಟು ಉಳಿದಿದೆ?' ಎಂದು ಕೇಳಬಹುದು. ಈಗ ಕೇಳಲಿಕ್ಕೆ ಬಿಲ್ಲೇ ಇಲ್ಲ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಹೆಚ್ಚಿನ ಕಡೆ ಅಂಗಡಿಯವರು ಆ ದಿನ ವ್ಯಾಪಾರ ಬಿಟ್ಟು ಹೋಗುವುದಿಲ್ಲ, ಬಸ್ಸಿನವರಿಗೆ ಅದು ತಮ್ಮ ಊರೇ ಅಲ್ಲ. ಮುಂದಿನ ಸಭೆಯ ನೋಟೀಸು ಗೋಡೆಗೆ ಅಂಟಿದಾಗ ಪೇಟೆಯಿಂದ ಹತ್ತು ಮಂದಿ ಸಹಿ ಹಾಕಿ ಒಂದು ಅರ್ಜಿ ಕೊಡಲಿ: ಪೇಟೆಯ ಹಸಿರಿಗೆ ಬೇರೆ ಶೀರ್ಷಿಕೆ ಬೇಕು, ಅದಕ್ಕೆ ಬೇರೆ ಬ್ಯಾಂಕ್ ಖಾತೆ ಬೇಕು, ನಾಲ್ಕನೇ ವರ್ಷ ಮೊತ್ತ ಇಳಿಯಬೇಕು. ಅರ್ಜಿ ಜೂನಿನ ಫೋಟೋಕ್ಕೆ ಮೊದಲೇ ಹೋದರೆ ಒಳ್ಳೆಯದು. ಈ ಸಲದ ಸಸಿಗಳಿಗೆ ಡಿಸೆಂಬರಿನಲ್ಲಿ ಬಾಯಾರಿಕೆ ಶುರುವಾಗುತ್ತದೆ.